ತೆನೆಗೆ ನೀವೇನಂತೀರಿ

ಅಂಬಿಕಾ ಟೀಚರ್ ನಮ್ಮ ಮನೆಗೆ ಬಂದದ್ದು ಅದೇ ಮೊದಲ ಸಲ. ಭಾನುವಾರ ಆರಾಧನೆ ಮುಗಿದ ಮೇಲೆ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುವವರು ಅವರು. ಮದುವೆಯಾಗಿ ದಾವಣಗೆರೆಗೆ ಬಂದಾಗಿನಿಂದ ನಾನು ಅದೇ ಚರ್ಚಿಗೆ ಹೋಗುತ್ತಿದ್ದರೂ, ಆರಾಮ ಇದ್ದೀರಾ ಎಂದು ಅವರು ಕೇಳುವುದು, ನಾನು ತಲೆಯಾಡಿಸುವುದು, ಅಷ್ಟರಲ್ಲೇ ನಮ್ಮ ಮಾತು ಮುಗಿಯುತ್ತಿತ್ತು. ಕುರ್ಚಿಯ ಮೇಲೆ ರಾಶಿ ಬಿದ್ದಿದ್ದ ಒಗೆದ ಬಟ್ಟೆಗಳನ್ನು ಎತ್ತಿ ಜಾಗ ಮಾಡಿದೆ. ಚಹಾ ಬೇಡ ಎಂದರು. ಕೂತವರೇ ಕೇಳಿದರು.

“ಸುಮಾ ಅಕ್ಕ, ನಿಮ್ದು ಹೊಳೆ ಆಚೆ ಅಲ್ವಾ? ಆ ಕಡೆ ತೆನೆಗೆ ಏನಂತೀರಿ?”

“ತೆನಿ,” ಎಂದೆ.

“ಇನ್ನೊಂದ್ಸಲ ಹೇಳ್ರಿ.”

“ತೆನಿ. ಮೆಕ್ಕಿಜ್ವಾಳದ ತೆನಿ, ಬಿಳಿಜ್ವಾಳದ ತೆನಿ.”

ಅವರ ಮುಖ ಅರಳಿತು. ಈ ಊರಿನಲ್ಲಿ ನನ್ನ ಮಾತನ್ನು ತಿದ್ದಿದವರಿದ್ದಾರೆ, ಅಣಕಿಸಿದವರಿದ್ದಾರೆ. ಇನ್ನೊಂದು ಸಲ ಹೇಳಿ ಎಂದು ಆಸೆಯಿಂದ ಕೇಳಿದವರು ಯಾರೂ ಇರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ವಿಷಯ ಸುಗ್ಗಿ ಹಬ್ಬದ ನಾಟಕದ್ದು. ಬೆಳೆ ಕೈಗೆ ಬಂದ ಮೇಲೆ ಸುತ್ತಲಿನ ಊರುಗಳ ಕ್ರೈಸ್ತ ಸಭೆಗಳೆಲ್ಲ ವರ್ಷಕ್ಕೊಮ್ಮೆ ಹರಿಹರದಲ್ಲಿ ಸೇರುತ್ತವೆ. ಈ ಸಲ ಮಕ್ಕಳಿಂದ ಬೈಬಲಿನ, ಇಸ್ರಾಯೇಲ್ಯರ ಕುಲಗಳ ಕಾಲದ ಒಂದು ಕಥೆ ಆಡಿಸಬೇಕೆಂದು ಟೀಚರ್ ಹೊರಟಿದ್ದರು. ಅರಸರು ಬರುವುದಕ್ಕೆ ಮುಂಚಿನ ಕಾಲ ಅದು. ಇಸ್ರಾಯೇಲ್ಯರು ಇನ್ನೂ ಒಂದು ರಾಜ್ಯವಾಗಿರಲಿಲ್ಲ, ಹನ್ನೆರಡು ಕುಲಗಳಾಗಿ ಚೆದುರಿದ್ದರು. ಯೊರ್ದನ್ ಹೊಳೆಯ ಮೂಡಲ ದಡದಲ್ಲಿ ಗಿಲ್ಯಾದಿನವರು, ಪಡುವಲಲ್ಲಿ ಎಫ್ರಾಯೀಮ್ ಕುಲದವರು. ಗಿಲ್ಯಾದಿನವರು ಹಗೆಗಳನ್ನು ಗೆದ್ದು ಬಂದಾಗ, ನಮ್ಮನ್ನೇಕೆ ಯುದ್ಧಕ್ಕೆ ಕರೆಯಲಿಲ್ಲ ಎಂದು ಎಫ್ರಾಯೀಮಿನವರು ಹೊಳೆ ದಾಟಿ ಬಂದು ಜಗಳ ತೆಗೆದರು. ಜಗಳ ಹೋಗಿ ಕಾಳಗವಾಯಿತು. ಸೋತ ಎಫ್ರಾಯೀಮಿನವರು ಹೊಳೆ ದಾಟಿ ಊರು ಸೇರಬೇಕು. ದಾಟುವ ಜಾಗಗಳಲ್ಲೆಲ್ಲ ಗಿಲ್ಯಾದಿನವರು ಕಾವಲು ನಿಂತಿದ್ದರು. ಬಂದವನು ತಾನು ಎಫ್ರಾಯೀಮಿನವನಲ್ಲ ಎಂದರೆ, ಹಾಗಾದರೆ ‘ಷಿಬ್ಬೋಲೆತ್’ ಅನ್ನು ಎನ್ನುತ್ತಿದ್ದರು. ಎಫ್ರಾಯೀಮಿನವರ ನಾಲಿಗೆಗೆ ಆ ಷಕಾರ ಬರುತ್ತಿರಲಿಲ್ಲ. ‘ಸಿಬ್ಬೋಲೆತ್’ ಎಂದವನನ್ನು ಹಿಡಿದು ಅಲ್ಲೇ ಕಡಿಯುತ್ತಿದ್ದರು.

ತೊಂದರೆ ಏನೆಂದರೆ, ಅಭ್ಯಾಸ ಮಾಡಿಸುವಾಗ ಕಾವಲುಗಾರನಾದ ಹುಡುಗನೇ ಸಿಬ್ಬೋಲೆತ್ ಎಂದುಬಿಟ್ಟಿದ್ದನಂತೆ. ಮೊದಲು ಇವನನ್ನೇ ಕಡಿಯಬೇಕಾಗುತ್ತದೆ ಎಂದು ಟೀಚರ್ ನಕ್ಕರು. ನಮ್ಮ ಮಕ್ಕಳಿಗೆ ಷಕಾರವೂ ಸಕಾರವೂ ಒಂದೇ. ಆಗ ಅವರು ಆ ಪದದ ಅರ್ಥ ಹುಡುಕಿದರು. ತೆನೆ ಎಂದು ಸಿಕ್ಕಿತು. ಹೊಳೆಯ ಸೆಳವು ಎಂದೂ ಕೆಲವರು ಅರ್ಥ ಹೇಳುತ್ತಾರಂತೆ. ನಮ್ಮಲ್ಲೂ ನಡುವೆ ಹೊಳೆ ಇದೆ, ಅದರ ಈಚೆ ಒಂದು ಮಾತು ಆಚೆ ಒಂದು ಮಾತು. ಪರದೇಶದ ಪದ ಬಿಟ್ಟು ತೆನೆ ಎಂದೇ ಹೇಳಿಸಿದರೆ ಕೇಳಿದವರಿಗೆ ತಟ್ಟನೆ ಅರ್ಥವಾಗುತ್ತದೆ ಎಂದು ಅವರಿಗೆ ಹೊಳೆದಿತ್ತು. ಹೊಳೆ ದಾಟಲು ಬರುವ ಎಫ್ರಾಯೀಮಿನವರಲ್ಲಿ ಕೊನೆಯವಳಾಗಿ ಕರುಣಾ ಇರಲಿ, ನಿಮ್ಮ ಮಗಳಾದ್ದರಿಂದ ಅವಳ ಬಾಯಲ್ಲಿ ತೆನಿ ಸಹಜವಾಗಿ ಬರುತ್ತದೆ ಎಂದರು. ನಾನು ಸಂತೋಷದಿಂದಲೇ ಒಪ್ಪಿದೆ.

ನನ್ನ ತವರು ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿ. ಹರಿಹರದ ಸೇತುವೆ ದಾಟಿದರೆ ಎಷ್ಟೂ ದೂರವಿಲ್ಲ. ದಾವಣಗೆರೆಯಲ್ಲಿ ಎಲ್ಲ ಕಡೆಯ ಮಾತೂ ಬೆರೆತಿದೆ, ಸಂತೆಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ ನಮ್ಮ ಓಣಿಯಲ್ಲಿ, ನಮ್ಮ ಚರ್ಚಿನ ಹೆಂಗಸರಲ್ಲಿ, ನಾನು ‘ಮನಿ’ ಎಂದಾಗ ಒಂದು ನಗು ಸುಳಿಯುತ್ತಿತ್ತು. ಕೆಟ್ಟ ನಗುವಲ್ಲ. ಆದರೂ ಪ್ರತಿ ಸಲ ಅದನ್ನು ದಾಟಿ ಮುಂದಿನ ಮಾತಿಗೆ ಹೋಗಬೇಕಿತ್ತು. ಬರಬರುತ್ತಾ ನಾನು ಮಾತೇ ಕಡಿಮೆ ಮಾಡಿದೆ. ನನ್ನ ಗಂಡ ಕಾಂತರಾಜ್ ಮಲೆಬೆನ್ನೂರು ಕಡೆಯ ಬಸ್ಸಿನಲ್ಲಿ ಕಂಡಕ್ಟರ್. ಮನೆಗೆ ಬರುವಷ್ಟರಲ್ಲಿ ದಿನವಿಡೀ ಕೂಗಿ ಗಂಟಲು ಸೋತಿರುತ್ತದೆ. ಒಳ್ಳೆಯ ಮನುಷ್ಯ, ಆದರೆ ಮನೆಯಲ್ಲಿ ಅವರಿಗೆ ಬೇಕಾದದ್ದು ಮೌನ. ಹಾಗಾಗಿ ನಾನು ಬಾಯಿ ತುಂಬ ಮಾತಾಡುತ್ತಿದ್ದದ್ದು ಮಗಳ ಜೊತೆ ಮಾತ್ರ. ಚಿಕ್ಕವಳಿದ್ದಾಗ ನನ್ನನ್ನು ‘ಅವ್ವ’ ಎನ್ನುತ್ತಿದ್ದಳು. ಶಾಲೆಗೆ ಸೇರಿದ ಮೇಲೆ ‘ಅಮ್ಮ’ ಆಯಿತು. ಆದರೂ ಜ್ವರ ಬಂದಾಗ, ಬಿದ್ದು ಮಂಡಿ ತರಚಿಕೊಂಡಾಗ, ಅವ್ವ ಎಂದೇ ಅಳುತ್ತಿದ್ದಳು.

ನಾಟಕದ ನೆಪದಲ್ಲಿ ಅವಳಿಗೆ ನನ್ನ ಮಾತು ಕಲಿಸುವ ಅವಕಾಶ ಸಿಕ್ಕಿತು. ಅವರೆಕಾಯಿ ಸುಲಿಯುತ್ತಾ ಹೇಳಿಕೊಟ್ಟೆ. ಟೀಚರಿಗೆ ಬೇಕಿದ್ದದ್ದು ಒಂದೇ ಮಾತು. ನಾನು ಹೊಳಿ, ಮನಿ, ಮಳಿ, ಬೆಳಿ ಎಲ್ಲವನ್ನೂ ಹೇಳಿಸಿದೆ. ಅವಳೂ ನಗುತ್ತಾ ಹೇಳುತ್ತಿದ್ದಳು.

ಒಂದು ವಾರ ಕಳೆದಿರಬೇಕು. ಅಭ್ಯಾಸ ಮುಗಿಸಿ ಬಂದವಳು ಚಪ್ಪಲಿಯನ್ನು ಮೂಲೆಗೆ ಒದ್ದು ಒಳಗೆ ಹೋದಳು. ಏನಾಯಿತೆಂದು ಕೇಳಿದರೆ ಹೇಳಲಿಲ್ಲ. ಎದುರು ಮನೆಯ ಮಕ್ಕಳು ಹೊರಗಿನಿಂದ ‘ತೆನಿ, ಏ ತೆನಿ’ ಎಂದು ರಾಗವಾಗಿ ಕೂಗಿ ಓಡಿದಾಗ ನನಗೆ ತಿಳಿಯಿತು. ಸಂಡೇ ಸ್ಕೂಲಿನಲ್ಲಿ ಅದೇ ಅವಳ ಹೆಸರಾಗಿತ್ತು. ಮರುದಿನ ಶಾಲೆಯ ಗೇಟಿನ ಹತ್ತಿರ ಡಬ್ಬಿ ಕೊಡಲು ಹೋದಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಸಣ್ಣ ದನಿಯಲ್ಲಿ, ಇಲ್ಲಿ ಮಾತಾಡಬೇಡ ಎಂದಳು. ಕೋಪವಿರಲಿಲ್ಲ. ಬೇಡಿಕೊಳ್ಳುವ ಹಾಗಿತ್ತು.

ನಾನು ಡಬ್ಬಿ ಕೊಟ್ಟು ಬಂದೆ.

ಅದೇ ಸಂಜೆ ತವರಿನಿಂದ ಫೋನು ಬಂತು. ಅವ್ವ. ಈ ಸಲ ಸುಗ್ಗಿ ಹಬ್ಬಕ್ಕೆ ಹೊಳೆಯಾಚೆಯ ಸಭೆಗಳನ್ನೂ ಕರೆದಿದ್ದಾರಂತೆ. ನಮ್ಮೂರ ಹೆಂಗಸರೆಲ್ಲ ಟೆಂಪೋ ಮಾಡಿಕೊಂಡು ಬರುತ್ತಾರೆ, ಮೊಮ್ಮಗಳ ನಾಟಕ ನೋಡಲು ಮುಂದಿನ ಸಾಲಿನಲ್ಲೇ ಕೂರುತ್ತೇನೆ ಎಂದು ಅವ್ವ ಸಂಭ್ರಮದಿಂದ ಹೇಳಿದಳು. ನಾನು ಹ್ಞೂಂ ಎಂದೆ. ಫೋನು ಇಟ್ಟ ಮೇಲೆ ಅನ್ನದ ಕುಕ್ಕರ್ ಕೂಗಿದ್ದೂ ಕೇಳಿಸಲಿಲ್ಲ. ತೆನಿ ಎನ್ನುವವರೇ ತುಂಬಿದ ಸಾಲುಗಳ ಎದುರಿಗೆ, ತೆನಿ ಎಂದದ್ದಕ್ಕೆ ಮಕ್ಕಳನ್ನು ಕಡಿಯುತ್ತಾರೆ. ಕೊನೆಗೆ ಕಡಿಸಿಕೊಳ್ಳುವವಳು ನನ್ನ ಮಗಳು. ಅದನ್ನು ನೋಡುವವಳು ನನ್ನ ಅವ್ವ.

ಆ ಕಥೆಯನ್ನು ಮತ್ತೆ ಓದಲು ಕೂತದ್ದು ಆಗಲೇ. ಅದಕ್ಕೂ ಮುಂಚೆ ಓದಿರಲಿಲ್ಲವೆಂದಲ್ಲ, ಆದರೆ ಆ ಭಾಗವನ್ನು ನಾನು ಯಾವಾಗಲೂ ಬೇಗ ದಾಟಿಬಿಡುತ್ತಿದ್ದೆ. ಬರೀ ಯುದ್ಧ, ಕೊಲೆ, ಕಷ್ಟದ ಹೆಸರುಗಳು. ಈಗ ಒಂದೊಂದಾಗಿ ನೋಡಿದೆ. ಆ ಕುಲಗಳಿಗೆ ಮೇಲೆ ಒಬ್ಬ ಹಿರಿಯನಿರಲಿಲ್ಲ. ಕಷ್ಟ ಬಂದಾಗ ಯಾರೋ ಒಬ್ಬರು ಎದ್ದು ಕೂಗು ಹಾಕಬೇಕು. ಕೆಲವು ಕುಲದವರು ಬರುತ್ತಿದ್ದರು, ಕೆಲವರು ಕುರಿಹಟ್ಟಿಯಲ್ಲೇ ಕೂತು ಕೊಳಲು ಕೇಳುತ್ತಿದ್ದರು. ವರ್ಷಕ್ಕೊಮ್ಮೆ ಶೀಲೋ ಎಂಬ ಊರಿನಲ್ಲಿ ಹಬ್ಬಕ್ಕೆ ಸೇರುವುದು, ಹಬ್ಬ ಮುಗಿದರೆ ತಮ್ಮ ತಮ್ಮ ಗುಡ್ಡಕ್ಕೆ ಹೋಗಿಬಿಡುವುದು. ಒಬ್ಬರ ಮಾತು ಒಬ್ಬರ ಕಿವಿಗೆ ಬೀಳದೆ ಎಷ್ಟು ಕಾಲವಾಗಿತ್ತೋ, ನಾಲಿಗೆ ಬೇರೆಯಾಗಿತ್ತು.

ಪಕ್ಕದ ಮನೆಯ ಜೈನಾಬಿ ನಾಟಕದ ಅಂಗಿಗಳನ್ನು ಹೊಲಿಯುತ್ತಿದ್ದಳು. ಕರುಣಾಳ ಅಳತೆ ಕೊಡಲು ಹೋದಾಗ ಯಾವ ಕಥೆಯೆಂದು ಕೇಳಿದಳು. ಹೇಳಿದೆ. ಅವಳು ಮಿಷನ್ನಿನ ಚಕ್ರ ನಿಲ್ಲಿಸಿದಳು.

“ಬನೀ ಇಸ್ರಾಯೀಲ್. ನಮ್ ಕಿತಾಬ್ನಾಗೂ ಅವ್ರು ಬರ್ತಾರೆ. ಮೂಸಾ ಪೈಗಂಬರ್ರು ಕಲ್ಲಿಗೆ ಕೋಲಿಂದ ಹೊಡೆದ್ರಲ್ಲ, ಹನ್ನೆರಡು ಬುಗ್ಗೆ ಎದ್ದುವಂತೆ. ಒಂದೊಂದು ಕುಲಕ್ಕೆ ಒಂದೊಂದು ನೀರು. ಆವಾಗ್ಲೇ ಬ್ಯಾರೆ ಬ್ಯಾರೆ ಕುಡಿಯೋಕೆ ಕಲ್ತುಬಿಟ್ರು ನೋಡು.”

ನಗಬೇಕೋ ಬೇಡವೋ ತಿಳಿಯಲಿಲ್ಲ. ತಮ್ಮ ಉರ್ದು ಕೇಳಿದರೆ ಉತ್ತರ ಭಾರತದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆಂದು ಹೇಳಿ ಅವಳು ಮತ್ತೆ ಚಕ್ರ ತಿರುಗಿಸಿದಳು. ಅವಳಿಗೆ ಅದರಿಂದ ಏನೂ ಅನಿಸುತ್ತಿರಲಿಲ್ಲ. ಅವಳ ಮಕ್ಕಳು, ಅಕ್ಕತಂಗಿಯರು, ಅತ್ತೆ, ಎಲ್ಲರೂ ಆ ಓಣಿಯಲ್ಲೇ ಇದ್ದರು. ಎಲ್ಲರೂ ಅದೇ ಉರ್ದು ಆಡುತ್ತಿದ್ದರು.

ಹೆಸರುಗಳ ಜಾಡು ಹಿಡಿದು ಹಿಂದಕ್ಕೆ ಹೋದಾಗ ನನಗೆ ಇನ್ನೊಂದು ಸಂಗತಿ ಸಿಕ್ಕಿತು. ಗಿಲ್ಯಾದಿನವರ ಮೂಲಪುರುಷ ಗಿಲ್ಯಾದ ಎಂಬವನು, ಮನಸ್ಸೆಯ ಮೊಮ್ಮಗ. ಮನಸ್ಸೆ ಮತ್ತು ಎಫ್ರಾಯೀಮ್ ಯಾರು? ಯೋಸೇಫನ ಇಬ್ಬರು ಗಂಡುಮಕ್ಕಳು, ಅಣ್ಣ ತಮ್ಮ. ಹೊಳೆಯ ದಡದಲ್ಲಿ ಕತ್ತಿ ಹಿಡಿದು ನಿಂತವರು ಅಣ್ಣನ ಕಡೆಯವರು, ಓಡಿ ಬಂದವರು ತಮ್ಮನ ಕಡೆಯವರು. ಇಬ್ಬರಿಗೂ ತಾಯಿ ಒಬ್ಬಳೇ. ಆಸನತ್ ಎಂದು ಹೆಸರು, ಐಗುಪ್ತ ದೇಶದವಳು, ಅಲ್ಲಿನ ಪೂಜಾರಿಯ ಮಗಳು. ಗಂಡನದೊಂದು ಭಾಷೆ, ಅವಳದೇ ಒಂದು ಭಾಷೆ. ಮಕ್ಕಳಿಬ್ಬರೂ ಮೊದಲ ಮಾತು ಕಲಿತದ್ದು ಅವಳ ಮಡಿಲಲ್ಲೇ ಇರಬೇಕು. ಅವಳು ತೊಟ್ಟಿಲ ಹತ್ತಿರ ಏನು ಹೇಳುತ್ತಿದ್ದಳು, ತೆನೆಗೆ ಏನನ್ನುತ್ತಿದ್ದಳು, ಎಲ್ಲೂ ಇಲ್ಲ. ಅವಳ ಹೆಸರು ಬಂದಷ್ಟೇ ಬೇಗ ಮರೆಯಾಗುತ್ತದೆ.

ಕಾಂತರಾಜ್‌ಗೆ ಹೇಳಿದೆ. ಬಸ್ಸಿನಲ್ಲಿ ಜನ ಊರಿನ ಹೆಸರು ಹೇಗೆ ಹೇಳಿದರೂ ತಾನು ಟಿಕೆಟ್ ಕೊಡುತ್ತೇನೆ, ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀ ಎಂದರು. ಮಾತು ಮುಗಿಸುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.

ಮರುದಿನ ಅಂಬಿಕಾ ಟೀಚರ್ ಮನೆಗೆ ಹೋದೆ. ಅವರು ರಟ್ಟಿನ ಕತ್ತಿಗಳಿಗೆ ಬೆಳ್ಳಿ ಕಾಗದ ಅಂಟಿಸುತ್ತಿದ್ದರು. ಕೂತು ನಾನೂ ಒಂದೆರಡಕ್ಕೆ ಅಂಟಿಸಿದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ, ತಾಯಿ ಒಬ್ಬಳೇ ಎಂಬುದನ್ನು ಮೊದಲು ಹೇಳಿದೆ. ಆಮೇಲೆ, ಹೊಳೆಯಾಚೆಯವರೂ ಬರುತ್ತಾರೆಂದು ಹೇಳಿದೆ. ಕೊನೆಗೆ, ಆ ಮಾತನ್ನು ಬದಲಾಯಿಸಲು ಆಗುತ್ತದೆಯೇ, ಮೊದಲಿನ ಷಿಬ್ಬೋಲೆತ್ತನ್ನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. ಅವರು ಕೈ ನಿಲ್ಲಿಸಿ ಕೇಳಿಸಿಕೊಂಡರು. ಅವರದು ಒರಟು ಸ್ವಭಾವವಲ್ಲ.

“ನೀವು ಹೇಳೋದು ಸರಿ ಐತೆ ಅಕ್ಕ. ಆದ್ರೆ ಮಕ್ಳು ಕಲ್ತುಬಿಟ್ಟಿದಾರೆ. ಈಗ ಬದಲಾಯಿಸಿದ್ರೆ ಎಲ್ಲಾ ಗಲಿಬಿಲಿ ಆಗ್ತೈತೆ. ಆ ಕಡೆಯೋರೂ ನಗ್ತಾರೆ ಬಿಡ್ರಿ, ತಮಾಷೆಗೆ ತಗೋತಾರೆ.”

“ಕರುಣಾಗ ತಮಾಷಿ ಆಗವಲ್ದು ಟೀಚರ್.”

ಅವರು ಇನ್ನೊಂದು ಕತ್ತಿ ಕೈಗೆತ್ತಿಕೊಂಡು, ಬೇಡವೆಂದರೆ ಬಿಡಿಸಿಬಿಡಿ, ಬೇರೆ ಮಗುವನ್ನು ಹಾಕುತ್ತೇನೆ ಎಂದರು. ಆ ಬೇರೆ ಮಗುವೂ ತೆನಿ ಎಂದೇ ಸಾಯಬೇಕು. ನಾನು ಎದ್ದು ಬಂದೆ.

ಹಬ್ಬದ ಬೆಳಗ್ಗೆ ತಲೆ ಬಾಚುವಾಗ ಮಗಳಿಗೆ ಆಸನತ್ತಳ ಕಥೆ ಹೇಳಿದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕೇಳಿದಳು.

“ಅವ್ಳು ತೆನೆಗೆ ಏನಂತಿದ್ಲು?”

“ಗೊತ್ತಿಲ್ಲವ್ವ. ಯಾರೂ ಬರ್ದಿಟ್ಟಿಲ್ಲ.” ಜಡೆ ಹೆಣೆದು ರಿಬ್ಬನ್ ಕಟ್ಟಿದೆ. “ನಿನಗ ಬ್ಯಾಡನಿಸಿದ್ರ ಹೋಗೂದು ಬ್ಯಾಡ. ನಾ ಟೀಚರ್‌ಗೆ ಹೇಳ್ತೀನಿ.”

“ಯಾರಾದ್ರೂ ಸಾಯ್ಲೇಬೇಕಲ್ಲಮ್ಮ. ಇಲ್ಲಾಂದ್ರೆ ನಾಟಕ ಹೆಂಗೆ ಆಗ್ತೈತೆ?”

ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ತೆಗೆದು ಸುತ್ತಿಟ್ಟೆ.

ಹರಿಹರದಲ್ಲಿ ಹೊಳೆಗೆ ಹತ್ತಿರದ ಒಂದು ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಒಂದು ಕಡೆ ಭತ್ತದ ಮೂಟೆ, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಕೋಳಿಗಳು, ಮೆಕ್ಕೆಜೋಳದ ತೆನೆಗಳ ರಾಶಿ. ಪ್ರಾರ್ಥನೆಯಾದ ಮೇಲೆ ಅವುಗಳ ಹರಾಜು. ಅವ್ವ ಹೊಸ ಇಳಕಲ್ ಸೀರೆಯುಟ್ಟು ಹೇಳಿದಂತೆ ಮುಂದಿನ ಸಾಲಿನಲ್ಲೇ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಎಷ್ಟೋ ತಿಂಗಳ ಮೇಲೆ ನನ್ನ ಸುತ್ತ ನನ್ನ ಮಾತು ಇತ್ತು. ಹೊಲ, ಎಮ್ಮೆ, ಯಾರದೋ ಬಾಣಂತನ, ಎಲ್ಲವೂ ಆ ಮಾತಿನಲ್ಲಿ. ನಾನು ನಡುವೆ ಏನೋ ಹೇಳಿದೆ. ಅವ್ವ ನನ್ನ ಮುಖ ನೋಡಿ ನಕ್ಕಳು.

“ನೀನೂ ಆ ಕಡೇರ ಹಂಗ ಮಾತಾಡಾಕತ್ತಿ ನೋಡು. ನಿನ್ನ ಮಾತು ಭಾಳ ನುಣ್ಣಗ ಆಗೈತಿ.”

ಉಳಿದ ಹೆಂಗಸರೂ ನಕ್ಕರು. ನಾನೂ ನಕ್ಕೆ. ನಾನು ಏನು ಹೇಳಿದೆ, ಯಾವ ಅಕ್ಷರ ತಪ್ಪಿದೆ ಎಂದು ಎಷ್ಟು ನೆನಪಿಸಿಕೊಂಡರೂ ಗೊತ್ತಾಗಲಿಲ್ಲ.

ನಾಟಕ ಶುರುವಾಯಿತು. ಇಬ್ಬರು ಮಕ್ಕಳು ನೀಲಿ ಸೀರೆಯೊಂದನ್ನು ನೆಲಕ್ಕೆ ಹತ್ತಿರ ಹಿಡಿದು ಅಲೆಯಾಡಿಸುತ್ತಿದ್ದರು. ಅದು ಯೊರ್ದನ್. ಕಾವಲುಗಾರ ಗಡ್ಡ ಅಂಟಿಸಿಕೊಂಡು ಕತ್ತಿ ಹಿಡಿದು ನಿಂತ. ಮೊದಲ ಹುಡುಗ ಓಡಿ ಬಂದ. ತೆನೆ ಅನ್ನು ಎಂದರು. ಅವನು ಬಾಯಿ ಸೊಟ್ಟ ಮಾಡಿ ‘ತೆನೀ’ ಎಂದು ಎಳೆದ. ಕತ್ತಿ ಬಿತ್ತು, ಅವನು ಒದ್ದಾಡಿ ಸತ್ತ. ಎಲ್ಲರೂ ನಕ್ಕರು. ಹೊಳೆಯಾಚೆಯವರೇ ಹೆಚ್ಚು ನಕ್ಕರು. ನಮ್ಮನ್ನೇ ಕೊಲ್ಲಾಕತ್ತಾರಲ್ಲ ಎಂದು ಹಿಂದಿನ ಸಾಲಿನ ಹೆಂಗಸೊಬ್ಬಳು ಚಟಾಕಿ ಹಾರಿಸಿದಳು. ಅವ್ವನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎರಡನೆಯವನು ಸತ್ತಾಗ ನಗು ಕಡಿಮೆಯಿತ್ತು. ಮೂರನೆಯ ಹುಡುಗಿ ಬಿದ್ದಾಗ ದಾವಣಗೆರೆ ಕಡೆಯವರ ಸಾಲುಗಳಷ್ಟೇ ನಕ್ಕವು. ಅವ್ವ ಸೆರಗನ್ನು ಮಡಿಲಿಗೆ ಇಳಿಸಿ ಕೈ ಕಟ್ಟಿಕೊಂಡು ಕೂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನೆಂಟರ ಮನೆಯಲ್ಲಿ ತನ್ನ ಬಗ್ಗೆ ಏನೋ ಆಡಿಕೊಂಡದ್ದು ಅಕಸ್ಮಾತ್ ಕಿವಿಗೆ ಬಿದ್ದಾಗ ಕೂರುವ ಹಾಗೆ ಕೂತಿದ್ದಳು.

ಆಮೇಲೆ ಕರುಣಾ ಬಂದಳು. ಜೈನಾಬಿ ಹೊಲಿದ ಕಂದು ಅಂಗಿ ಅವಳಿಗೆ ಸ್ವಲ್ಪ ಉದ್ದವಾಗಿತ್ತು, ಎತ್ತಿ ಹಿಡಿದುಕೊಂಡಿದ್ದಳು. ನೀಲಿ ಸೀರೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಳು. ಸತ್ತ ಮಕ್ಕಳು ಒಂದು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದರು. ಎಫ್ರಾಯೀಮಿನವಳೇನು ಎಂದು ಕಾವಲುಗಾರ ಕೇಳಿದ. ಅಲ್ಲ ಎಂದಳು. ಹಾಗಾದರೆ ತೆನೆ ಅನ್ನು ಎಂದ.

ಅವಳು ನಮ್ಮ ಕಡೆ ನೋಡಿದಳು. ನನ್ನನ್ನೋ, ಅಜ್ಜಿಯನ್ನೋ ತಿಳಿಯಲಿಲ್ಲ.

“ತೆನೆ,” ಎಂದಳು.

ಹುಡುಗ ಎತ್ತಿದ ಕತ್ತಿಯನ್ನು ಹಾಗೇ ಹಿಡಿದು ನಿಂತ. “ಇನ್ನೊಂದ್ಸಲ ಹೇಳು,” ಎಂದ.

“ತೆನೆ.”

ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರು ಹೇಳುವ ಹಾಗೆಯೇ ಹೇಳಿದಳು. ಸ್ಪಷ್ಟವಾಗಿ, ನಿಧಾನವಾಗಿ. ಹೌದು, ಅವಳು ಅಲ್ಲೇ ಹುಟ್ಟಿ ಬೆಳೆದವಳು. ಹುಡುಗ ಪರದೆಯ ಹಿಂದಿದ್ದ ಟೀಚರ್ ಕಡೆ ನೋಡಿದ. ಅಲ್ಲಿಂದ ಏನು ಸನ್ನೆ ಬಂತೋ, ಪಕ್ಕಕ್ಕೆ ಸರಿದ. ಕರುಣಾ ಅಂಗಿ ಎತ್ತಿಕೊಂಡು ನೀಲಿ ಸೀರೆಯನ್ನು ದಾಟಿ ಆಚೆ ಹೋದಳು.

ಚಪ್ಪಾಳೆಯೋ ಚಪ್ಪಾಳೆ. ಎರಡೂ ಕಡೆಯವರು ತಟ್ಟಿದರು. ನಾಟಕ ಇರುವುದೇ ಹೀಗೆ ಎಂದು ಎಲ್ಲರೂ ತಿಳಿದಿದ್ದರು. ಸಭೆಯ ಪಾದ್ರಿ ಅಯ್ಯನವರು ತಮ್ಮ ಪ್ರಸಂಗದಲ್ಲಿ, ಕೊನೆಯ ಮಗು ದಾಟಿದ್ದು ದೇವರ ಕೃಪೆಗೆ ಗುರುತು ಎಂದು ಚೆನ್ನಾಗಿ ವಿವರಿಸಿದರು. ಅಂಬಿಕಾ ಟೀಚರ್ ತಲೆ ತಗ್ಗಿಸಿ ಕೇಳಿದರು. ಆಮೇಲೆ ನನ್ನ ಹತ್ತಿರ ಬಂದು, ಹಾಗೆ ಆದದ್ದೇ ಒಳ್ಳೆಯದಾಯಿತು ಎಂದು ಕೈ ಹಿಡಿದರು. ನಿಜಕ್ಕೂ ಹಾಗೇ ಅಂದುಕೊಂಡಿದ್ದರು.

ಊಟದ ಎಲೆಯ ಮುಂದೆ ಅವ್ವ ಮೊಮ್ಮಗಳನ್ನು ಎಳೆದು ಕೂರಿಸಿಕೊಂಡಳು.

“ಯಾಕವ್ವ, ನಮ್ಮ ಮಾತು ಬರಂಗಿಲ್ಲೇನು ನಿನಗ?”

“ಬರ್ತೈತೆ ಅಜ್ಜಿ. ಆದ್ರೆ ಹಂಗಂದ್ರೆ ಸಾಯ್ಬೇಕಿತ್ತಲ್ಲ.”

ಅವ್ವ ಜೋರಾಗಿ ನಕ್ಕು ಅವಳ ಕೆನ್ನೆಗೆ ಮುತ್ತು ಕೊಟ್ಟಳು. ಬಲು ಜಾಣೆ ಎಂದು ಪಕ್ಕದವರಿಗೆಲ್ಲ ಹೇಳಿದಳು. ನನಗೆ ನಗು ಬರಲಿಲ್ಲ. ಮಗಳ ಎಲೆಗೆ ಅನ್ನ ಬಡಿಸಿ, ಸಾರು ಬಿಸಿಯಿದೆ, ನಿಧಾನ ಎಂದೆ.

ಬಿಸಿಲು ಇಳಿಯುವ ಮೊದಲೇ ಅವರ ಟೆಂಪೋ ಹೊರಟಿತು. ಅವ್ವ ಕಿಟಕಿಯಿಂದ ಕೈಬೀಸಿದಳು. ಗಾಡಿ ಸೇತುವೆಯ ಮೇಲೆ ಹೋಗಿ ಲಾರಿಗಳ ನಡುವೆ ಮರೆಯಾಗುವವರೆಗೆ ನಾನು ನಿಂತಿದ್ದೆ. ಸುಗ್ಗಿಕಾಲದ ಹೊಳೆ ತೆಳ್ಳಗೆ ಹರಿಯುತ್ತಿತ್ತು. ಆ ಕಡೆಯ ದಡದಲ್ಲಿ ಯಾರೋ ದನಗಳ ಮೈ ತೊಳೆಯುತ್ತಿದ್ದರು. ಏನೋ ಕೂಗಿ ಹೇಳುತ್ತಿದ್ದರು. ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ನಮ್ಮ ಗಾಡಿಯಲ್ಲಿ ಮಕ್ಕಳೆಲ್ಲ ಮುಂದೆ ಕೂತಿದ್ದರು. ಹಬ್ಬಕ್ಕೆ ಬರುವಾಗ ಕರುಣಾ ನನ್ನ ಪಕ್ಕ ಕೂತಿದ್ದಳು. ಈಗ ಅವರು ಒತ್ತಿಕೊಂಡು ಕೂತು ಅವಳಿಗೆ ನಡುವೆ ಜಾಗ ಮಾಡಿಕೊಟ್ಟಿದ್ದರು. ಕಾವಲುಗಾರನ ಗಡ್ಡ ಕೈಯಿಂದ ಕೈಗೆ ಹೋಗಿ ಅವಳ ಮುಖಕ್ಕೂ ಏರಿತು. ಯಾರೂ ಅವಳನ್ನು ತೆನಿ ಎಂದು ಕರೆಯಲಿಲ್ಲ. ನಾನು ಹಿಂದೆ ಪಾತ್ರೆಗಳ ಜೊತೆ ಕೂತು, ಅವಳ ನಗುವನ್ನು ಬೇರೆ ನಗುಗಳಿಂದ ಬಿಡಿಸಿ ಕೇಳಿಸಿಕೊಳ್ಳುತ್ತಿದ್ದೆ. ಎಷ್ಟು ದಿನದ ಮೇಲೆ ನಗುತ್ತಿದ್ದಳು.

ಒಬ್ಬ ಹುಡುಗಿ, ನಿಮ್ಮಮ್ಮ ಹೇಳುವ ಹಾಗೆ ಒಂದು ಸಲ ಹೇಳಿ ತೋರಿಸು ಎಂದು ಪೀಡಿಸಿದಳು. ಉಳಿದವರೂ ಸೇರಿಕೊಂಡರು.

“ನಂಗೆ ಬರಲ್ಲಪ್ಪ,” ಎಂದಳು ಕರುಣಾ.

ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಬಾಯಾರಿಕೆಯಾಯಿತು. ತಿರುಗಿ, ಅಮ್ಮ, ನೀರು ಎಂದಳು. ಅವಳ ಗೆಳತಿಯರೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಬಿಸಿಲಿಗೆ ನೀರು ಬೆಚ್ಚಗಾಗಿತ್ತು. ಸ್ವಲ್ಪ ಸ್ವಲ್ಪ ಕುಡಿ ಎನ್ನಬೇಕೆಂದಿದ್ದೆ. ಬಾಟಲಿಯ ಮುಚ್ಚಳ ಸಡಿಲಿಸಿ, ಏನೂ ಮಾತಾಡದೆ ಅವಳ ಕೈಗೆ ಕೊಟ್ಟೆ.